ಚಿಕ್ಕದು ಎಂದರೆ ಎಷ್ಟು?

ವಿಜ್ಞಾನಿಗೆ ಅಂದಾಜು ಸಾಕು, ಕೂದಲು ಸೀಳುವ ಚಟ ಗಣಿತಜ್ಞರದು ಎಂಬ ಮಾತು ಭೌತಶಾಸ್ತ್ರದ ತರಗತಿಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಇದು ಸೋಮಾರಿತನದ ಮಾತು.

ಸರಳ ಲೋಲಕವನ್ನೇ ನೋಡಿ. ಕೋನ ಚಿಕ್ಕದಿದ್ದರೆ ಸೈನ್ ಥೀಟಾ ಬದಲು ಥೀಟಾ ಎಂದೇ ಬರೆದುಕೊಳ್ಳಿ ಎನ್ನುತ್ತದೆ ಪಠ್ಯ. ಚಿಕ್ಕದು ಎಂದರೆ ಎಷ್ಟು? ಗಣಿತ ಕೇಳುವುದು ಇಷ್ಟನ್ನೇ. ಉತ್ತರವೂ ಅದರ ಬಳಿಯಿದೆ. ಪೂರ್ಣ ಸಮೀಕರಣ ಕೊಡುವ ಆಂದೋಲನದ ಅವಧಿ ಈ ಸುಲಭ ಸೂತ್ರದ್ದಕ್ಕಿಂತ 10 ಡಿಗ್ರಿಗೆ ಶೇ. 0.2ರಷ್ಟು, 30 ಡಿಗ್ರಿಗೆ ಶೇ. 1.7ರಷ್ಟು, 90 ಡಿಗ್ರಿಗೆ ಶೇ. 18ರಷ್ಟು ಹೆಚ್ಚು.

ಹಾಗೆಂದು ಗಣಿತಜ್ಞರೂ ಬೀಗಬೇಕಿಲ್ಲ. ಆ ಪೂರ್ಣ ಸಮೀಕರಣದಲ್ಲೂ ಗಾಳಿಯ ತಡೆಯಿಲ್ಲ, ದಾರಕ್ಕೆ ತೂಕವಿಲ್ಲ. ಸೂತ್ರಕ್ಕೂ ಸೂತ್ರಕ್ಕೂ ಇರುವ ಅಂತರವನ್ನು ಗಣಿತ ಅಳೆಯುತ್ತದೆ. ಸೂತ್ರಕ್ಕೂ ಜಗತ್ತಿಗೂ ಇರುವ ಅಂತರವನ್ನು ಅಳೆಯಲು ಪ್ರಯೋಗವೇ ಬೇಕು.

ಎಷ್ಟೋ ಪ್ರಯೋಗಾಲಯಗಳಲ್ಲಿ ಈ ಎರಡನ್ನೂ ಒಂದೇ ಗಂಟು ಕಟ್ಟಿ ‘ಪ್ರಯೋಗದೋಷ’ ಎಂದು ಬರೆಸುತ್ತೇವೆ. ಲೋಲಕವನ್ನು 30 ಡಿಗ್ರಿ ಎಳೆದು ಬಿಟ್ಟ ವಿದ್ಯಾರ್ಥಿನಿಗೆ ಗುರುತ್ವ ವೇಗೋತ್ಕರ್ಷ 9.8ರ ಬದಲು 9.5 ಬಂದರೆ, ಕೈ ತಪ್ಪಿತು ಎನ್ನುತ್ತೇವೆ. ಅವಳ ಕೈ ಸರಿಯಾಗಿಯೇ ಇತ್ತು. ಸೂತ್ರದ ಗಡಿ ಎಲ್ಲಿದೆಯೆಂದು ಯಾರೂ ಹೇಳಿರಲಿಲ್ಲ.

ಅಂದಾಜು ಮಾಡಿ, ಬೇಡವೆನ್ನುವವರಿಲ್ಲ. ಪಕ್ಕದಲ್ಲೇ ತಪ್ಪಿನ ಅಳತೆಯನ್ನೂ ಬರೆಯಿರಿ.