ಬಂಡೆಯ ಬಿರುಕಿನಲ್ಲಿದೆ ಬಾಗಲಕೋಟೆಯ ನೀರು

ಬಾಗಲಕೋಟೆ: ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಹರಿಯುವ ಜಿಲ್ಲೆಯಿದು. ಆದರೂ ಕಾಲುವೆ ತಲುಪದ ಊರುಗಳ ರೈತನಿಗೆ ಕೊಳವೆಬಾವಿಯೇ ಗತಿ. ಕೊರೆದಲ್ಲಿ ಬರೀ ದೂಳೆದ್ದರೆ ಉಳಿಯುವುದು ಸಾಲವೊಂದೇ. ತೆಂಗಿನಕಾಯಿ ಹಿಡಿದು ಜಲ ತೋರಿಸುವವರ ಮಾತಿಗಿಂತ ಗಟ್ಟಿಯಾದ ಆಧಾರ ಉಪಗ್ರಹ ಚಿತ್ರಗಳಲ್ಲಿದೆ. ಅದನ್ನು ಹೊಲದವರೆಗೆ ತಲುಪಿಸುವ ಕೆಲಸ ಆಗಬೇಕಿದೆ.

ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಬಾದಾಮಿ, ಬಾಗಲಕೋಟೆ ಸುತ್ತ ಕಲಾದಗಿ ಶಿಲಾಸಮೂಹದ ಮರಳುಗಲ್ಲು, ಬೆಣಚುಶಿಲೆ, ಸುಣ್ಣಕಲ್ಲುಗಳಿವೆ. ಹುನಗುಂದ, ಇಳಕಲ್ ಕಡೆ ಗ್ರಾನೈಟ್, ನೈಸ್ ಮತ್ತು ಶಿಸ್ಟ್ ಶಿಲೆಗಳು. ಇಂತಹ ಗಟ್ಟಿ ಶಿಲೆಯ ಒಡಲಲ್ಲಿ ನೀರಿಗೆ ಹೆಚ್ಚು ಜಾಗವಿಲ್ಲ. ಮೇಲಿನ ಶಿಥಿಲ ಪದರ, ಅದರ ಕೆಳಗಿನ ಬಿರುಕುಗಳೇ ಆಸರೆ.

ನೇರವಾಗಿ ಹರಿಯುವ ಹಳ್ಳ, ಥಟ್ಟನೆ ತಿರುಗುವ ಹೊಳೆ, ಬೇಸಿಗೆಯಲ್ಲೂ ಹಸಿರಾಗಿರುವ ಗಿಡಗಳ ಸಾಲು – ಇವು ಆ ಬಿರುಕುಗಳ ಸುಳಿವು. ಭೂವಿಜ್ಞಾನಿಗಳು ಇವನ್ನು ‘ಲಿನಿಯಮೆಂಟ್’ ಎನ್ನುತ್ತಾರೆ. 1988ರಲ್ಲಿ ಐಆರ್‌ಎಸ್-1ಎ ಉಡಾವಣೆಯಾದ ಬಳಿಕ ಈ ಶೋಧಕ್ಕೆ ಸ್ವದೇಶಿ ಚಿತ್ರಗಳೇ ಒದಗಿದವು. ರಾಜೀವ್ ಗಾಂಧಿ ರಾಷ್ಟ್ರೀಯ ಕುಡಿಯುವ ನೀರಿನ ಯೋಜನೆಯಡಿ 1:50,000 ಪ್ರಮಾಣದ ಅಂತರ್ಜಲ ಸಾಧ್ಯತಾ ನಕ್ಷೆಗಳು ಸಿದ್ಧಗೊಂಡವು.

ಆದರೆ ನಕ್ಷೆಯೇ ಬಾವಿಯಲ್ಲ. ಆ ಪ್ರಮಾಣದಲ್ಲಿ ಒಂದು ಮಿಲಿಮೀಟರ್ ದಪ್ಪದ ಗೆರೆಯೆಂದರೆ ನೆಲದ ಮೇಲೆ 50 ಮೀಟರ್ ಅಗಲ. ಕೊಳವೆಬಾವಿಯದೋ ಗೇಣುದ್ದದ ಬಾಯಿ. ಚಿತ್ರದಲ್ಲಿ ರಸ್ತೆ, ಹೊಲದ ಬದುಗಳೂ ಬಿರುಕಿನಂತೆ ತೋರಬಹುದು. ಡೈಕ್ ಎಂಬ ಶಿಲಾಗೋಡೆಯಿದ್ದರೆ ಅದು ನೀರನ್ನು ತಡೆಯಲೂಬಹುದು. ಆದ್ದರಿಂದ ಬಿರುಕುಗಳು ಪರಸ್ಪರ ಕೂಡುವ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿ, ಸ್ಥಳ ಪರಿಶೀಲನೆ ಹಾಗೂ ವಿದ್ಯುತ್ ರೋಧಕತೆ ಪರೀಕ್ಷೆ ನಡೆಸಿದ ಬಳಿಕವೇ ಕೊರೆಯುವುದು ವಿವೇಕ.

ಇಳಕಲ್‌ನಲ್ಲಿ ಮತ್ತೊಂದು ವೈಚಿತ್ರ್ಯವಿದೆ. ಕೆಂಪು ಗ್ರಾನೈಟ್ ತೆಗೆಯುವವರಿಗೆ ಬಿರುಕಿಲ್ಲದ ಬಂಡೆ ಬೇಕು, ಪಕ್ಕದ ರೈತನಿಗೆ ಬಿರುಕೇ ಬೇಕು. ಒಂದೇ ನಕ್ಷೆ ಇಬ್ಬರಿಗೂ ದಾರಿ ತೋರಬಲ್ಲುದು. ಗಣಿಗೆ ಅನುಮತಿ ನೀಡುವಾಗ ಅದನ್ನು ನೋಡುವುದು ಅಗತ್ಯ.

ನೀರು ಸಿಕ್ಕ ಮಾತ್ರಕ್ಕೆ ಅದು ಕುಡಿಯಲು ಯೋಗ್ಯವೆಂದೂ ಅಲ್ಲ. ಹುನಗುಂದ ಭಾಗದ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿರುವುದು ಕಂಡುಬಂದಿದೆ. ಎಲ್ಲರೂ ಒಂದೇ ಬಿರುಕಿಗೆ ಬಾವಿ ಇಳಿಸಿದರೆ ಅದೂ ಬತ್ತುತ್ತದೆ. ಬಿರುಕು ಹಾದ ಹಳ್ಳಗಳಲ್ಲಿ ಇಂಗುಕೆರೆ, ಒಡ್ಡು ಕಟ್ಟಲು ಇದೇ ನಕ್ಷೆ ನೆರವಾಗಬಲ್ಲುದು. ನೀರೆತ್ತುವ ಮುನ್ನ ಇಂಗಿಸುವ ಜಾಗ ಹುಡುಕಿದರೆ, ಅದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ತೂಗುಹಾಕಿದರೆ, ಉಪಗ್ರಹದ ಕಣ್ಣಿಗೆ ಸಾರ್ಥಕತೆ ಬಂದೀತು.