ಕೆರೆ ದೊಡ್ಡದು, ತೂಬು ಕಿರಿದು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುಚ್ಛಕ್ತಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಂದು ಕಂಬ ನೆಟ್ಟು, ತಂತಿ ಎಳೆದು ದೂರಕ್ಕೆ ಸಾಗಿಸಿದ ಆ ಶಕ್ತಿಯನ್ನು ಇಂದಿನ ರೈತನು ಅಂಗೈಯಲ್ಲಿ ಹಿಡಿದು ನಡೆಯುತ್ತಾನೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ಸೀಮೆಯ ಗದ್ದೆಗಳಿಗೆ ನೀರು ನಡುರಾತ್ರಿಯಲ್ಲಿ ಬಂದರೆ ನಡುರಾತ್ರಿಯಲ್ಲಿಯೇ ಏಳಬೇಕು. ಕಬ್ಬಿನ ಮರೆಯಲ್ಲಿ ಚಿರತೆಯ ಭಯ, ಬದುವಿನ ಮೇಲೆ ಹಾವಿನ ಭಯ. ಹೀಗಿರುವಾಗ ಪ್ರಖರವಾದ ಟಾರ್ಚು ಗುದ್ದಲಿಯಷ್ಟೇ ಅವಶ್ಯವಾದ ಉಪಕರಣವಾಗಿದೆ.

ಈ ಟಾರ್ಚುಗಳೊಳಗೆ ಇರುವುದು ಹಳೆಯ ಕಾಲದ ಸೆಲ್ಲಲ್ಲ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಈ ಲಿಥಿಯಂ ಸೆಲ್ಲಿಗೆ ಅದರ ಅಳತೆಯಿಂದಲೇ 18650 ಎಂಬ ಹೆಸರು ಬಂದಿದೆ. ಲಿಥಿಯಂ-ಅಯಾನ್ ಸೆಲ್ಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದರ ಮೂಲ ಸಂಶೋಧನೆಗಾಗಿ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಲಿಥಿಯಂ ಮಂಡ್ಯ ಜಿಲ್ಲೆಗೆ ಪರಕೀಯವೂ ಅಲ್ಲ. ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜನ್ನು ಕೇಂದ್ರ ಸರ್ಕಾರವು 2021ರಲ್ಲಿ ತಿಳಿಸಿತು.

ಸೆಲ್ಲು ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಅದರ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿಯನ್ನು. 2,500 ಎಂ.ಎ.ಎಚ್. ಎಂದಿರುವುದಕ್ಕಿಂತ 9,900 ಎಂದಿರುವುದು ಮೇಲೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಈ ಗಾತ್ರದ ಒಳ್ಳೆಯ ಸೆಲ್ಲುಗಳಲ್ಲಿ ಸಾಮಾನ್ಯವಾಗಿ ಹಿಡಿಯುವುದು ಹೆಚ್ಚೆಂದರೆ 3,500ರ ಆಸುಪಾಸು. 9,900 ಎಂಬುದು ಶುದ್ಧ ಸುಳ್ಳು. ಸೆಲ್ಲಿನ ಮೈಮೇಲೆಯೇ ಸುಳ್ಳು ಬರೆದವನು ಅದರ ಹೊಟ್ಟೆಯೊಳಗೆ ಸತ್ಯವನ್ನು ತುಂಬಿರುವನೆಂದು ನಂಬಲಾಗದು.

ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದುಂಟು. ಎಂ.ಎ.ಎಚ್. ಎಂಬುದು ಕೆರೆಯಲ್ಲಿ ನಿಂತ ನೀರಿನ ಲೆಕ್ಕ. ಆಂಪಿಯರ್ ಎಂಬುದು ತೂಬಿನಿಂದ ಹರಿಯುವ ನೀರಿನ ಲೆಕ್ಕ. ಕೆರೆ ದೊಡ್ಡದಾದ ಮಾತ್ರಕ್ಕೆ ತೂಬು ದೊಡ್ಡದಾಗುವುದಿಲ್ಲ. ಒಂದೇ ಗಾತ್ರದ ಸೆಲ್ಲುಗಳಲ್ಲಿ ಹೆಚ್ಚು ಶಕ್ತಿಯನ್ನು ಕೂಡಿಡುವಂಥವು ಸಾಮಾನ್ಯವಾಗಿ ಕಡಿಮೆ ವೇಗದಲ್ಲಿಯೇ ಅದನ್ನು ಕೊಡಬಲ್ಲವು. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲು ನಾಲ್ಕೈದು ಆಂಪಿಯರಿಗೆ ದಣಿಯುತ್ತದೆ. ಡ್ರಿಲ್ಲಿಂಗ್ ಯಂತ್ರಗಳಿಗಾಗಿ ತಯಾರಾದ ಸ್ಯಾಮ್‌ಸಂಗ್ 25ಆರ್ ಸೆಲ್ಲಿನಲ್ಲಿ 2,500 ಎಂ.ಎ.ಎಚ್. ಮಾತ್ರ ಇದ್ದರೂ ಅದು 20 ಆಂಪಿಯರ್ ಕೊಡಬಲ್ಲುದು.

ಟಾರ್ಚು ಎಷ್ಟು ಕೇಳುತ್ತದೆಂಬ ಲೆಕ್ಕ ಸುಲಭ. ವ್ಯಾಟಿನ ಸಂಖ್ಯೆಯನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ಒಂದೇ ಸೆಲ್ಲಿನಿಂದ ಉರಿಯುವ 40 ವ್ಯಾಟಿನ ಟಾರ್ಚಿಗೆ, ಸೆಲ್ಲು ಇಳಿದು 3.2 ವೋಲ್ಟಿಗೆ ಬಂದಾಗ, ಹನ್ನೆರಡೂವರೆ ಆಂಪಿಯರ್ ಬೇಕು. ಅದಕ್ಕೆ ಐದು ಆಂಪಿಯರಿನ ಸೆಲ್ಲು ಹಾಕುವುದೆಂದರೆ ಎಳೆಗರುವಿಗೆ ಕಬ್ಬಿನ ಗಾಡಿ ಕಟ್ಟಿದಂತೆ. ಕರುವಾದರೆ ಕುಸಿದು ನಿಲ್ಲುತ್ತದೆ, ಸೆಲ್ಲು ಕಾಯುತ್ತದೆ. ಕಾವು ಒಂದು ಮಿತಿಯನ್ನು ಮೀರಿದರೆ ಒಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಕಾವನ್ನು ಹುಟ್ಟಿಸುತ್ತ ಹೋಗಿ, ಸೆಲ್ಲು ವಿಷಾನಿಲ ಕಾರಿ ಹೊತ್ತಿಕೊಳ್ಳುತ್ತದೆ. ಆಗ ಟಾರ್ಚನ್ನು ಆರಿಸಿದರೂ ಫಲವಿಲ್ಲ.

ಈ ಅಪಾಯವನ್ನು ಜಗತ್ತಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಇ-ಸಿಗರೇಟು. ಕರ್ನಾಟಕವು ಅದನ್ನು 2016ರಲ್ಲಿಯೂ ಕೇಂದ್ರ ಸರ್ಕಾರವು 2019ರಲ್ಲಿಯೂ ನಿಷೇಧಿಸಿದವು. ತಂತಿಯ ಸುರುಳಿಯನ್ನು ಕಾಯಿಸಲು ಹೆಚ್ಚು ವ್ಯಾಟು ಬೇಡುವ ಆ ಉಪಕರಣದಲ್ಲಿಯೂ ಇದೇ ಬಗೆಯ ಲಿಥಿಯಂ ಸೆಲ್ಲು. ಅಮೆರಿಕದ ಸಿಯಾಟಲ್ ನಗರದ ಒಂದು ಆಸ್ಪತ್ರೆಯಲ್ಲಿ 2015ರ ಅಕ್ಟೋಬರಿನಿಂದ 2016ರ ಜೂನ್‌ವರೆಗೆ 15 ಮಂದಿ, ಅದು ಸಿಡಿದು ಆದ ಗಾಯಗಳಿಗಾಗಿ ಚಿಕಿತ್ಸೆ ಪಡೆದರು. ಮುಖ, ಕೈ, ತೊಡೆಗಳು ಸುಟ್ಟಿದ್ದವು. 2021ರ ಜನವರಿಯಲ್ಲಿ ಆ ದೇಶದ ಗ್ರಾಹಕ ಸುರಕ್ಷತಾ ಆಯೋಗವು, ರಕ್ಷಣೆಯಿಲ್ಲದ ಬಿಡಿ 18650 ಸೆಲ್ಲುಗಳನ್ನು ಕೊಳ್ಳಬಾರದೆಂದು ಜನರನ್ನು ಎಚ್ಚರಿಸಿತು. ಕಾನೂನು ಇ-ಸಿಗರೇಟನ್ನು ತಡೆಯಬಹುದು. ಬಿಡಿ ಸೆಲ್ಲು ಬೇರೆ ರೂಪದಲ್ಲಿ ಮಂಡ್ಯದ ಮನೆಗಳಿಗೂ ಬಂದು ಸೇರಬಲ್ಲುದು.

ಆದುದರಿಂದ ಟಾರ್ಚು ತಯಾರಿಸಿದವರೇ ಕೊಡುವ ಸೆಲ್ಲನ್ನು, ಅವರದೇ ಚಾರ್ಜರಿನೊಡನೆ ಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಬೇರೆ ಸೆಲ್ಲು ಕೊಳ್ಳಲೇಬೇಕಾದರೆ ಒಳಗೆ ರಕ್ಷಣಾ ಸರ್ಕ್ಯೂಟ್ ಇರುವುದನ್ನೂ, ಟಾರ್ಚು ಬೇಡುವಷ್ಟು ಆಂಪಿಯರ್ ಕೊಡುವುದನ್ನೂ ಆರಿಸಬೇಕು. ಭಾರತೀಯ ಮಾನಕ ಸಂಸ್ಥೆಯ ಗುರುತು, ಐ.ಎಸ್. 16046 ಎಂಬ ಅಂಕಿ, 'ಆರ್' ಅಕ್ಷರದ ಮುಂದೆ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಬೇಕು. ಕಿರಾಣಿ ಅಂಗಡಿಯ ತಕ್ಕಡಿಯೂ ನೆರವಾದೀತು: ನಿಜವಾದ 18650 ಸೆಲ್ಲು ಸುಮಾರು 45 ಗ್ರಾಂ ತೂಗುತ್ತದೆ. ಮೂವತ್ತು ಗ್ರಾಮಿನ ಸೆಲ್ಲು ಒಳಗೆ ಟೊಳ್ಳು.

ಕೊಂಡ ಮೇಲೆಯೂ ಜಾಗರೂಕತೆ ಬೇಕು. ಸೆಲ್ಲಿನ ಲೋಹದ ಮೈಯೆಲ್ಲವೂ ಋಣ ಧ್ರುವ. ಅದಕ್ಕೂ ನೆತ್ತಿಯ ಧನ ಧ್ರುವಕ್ಕೂ ನಡುವೆ ಇರುವ ಅಂತರ ಕೂದಲೆಳೆಯಷ್ಟು. ಅದನ್ನು ಕಾಯುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ. ಹೊದಿಕೆ ಹರಿದ ಸೆಲ್ಲನ್ನು ಟಾರ್ಚಿಗೆ ಹಾಕಲಾಗದು. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ನಾಣ್ಯಗಳೊಂದಿಗೆ ಜೇಬಿನಲ್ಲಿ ಇಟ್ಟುಕೊಳ್ಳಲೂ ಆಗದು. ಎರಡು ಸೆಲ್ಲಿನ ಟಾರ್ಚಿಗೆ ಒಂದು ಹೊಸದು, ಒಂದು ಹಳೆಯದು ಹಾಕಿದರೆ ದುರ್ಬಲವಾದದ್ದರ ಮೇಲೆ ಭಾರ ಬೀಳುತ್ತದೆ. 4.2 ವೋಲ್ಟಿಗೆ ತಾನಾಗಿ ನಿಲ್ಲುವ ಚಾರ್ಜರೇ ಆಗಬೇಕು. ಅದೂ ಹಾಸಿಗೆಯ ಬದಿಯಲ್ಲಿ, ಹುಲ್ಲಿನ ಮೆದೆಯ ಪಕ್ಕದಲ್ಲಿ ಇರಕೂಡದು. ಉಬ್ಬಿದ, ಜಜ್ಜಿದ, ನೀರಿನಲ್ಲಿ ನೆನೆದ ಸೆಲ್ಲುಗಳನ್ನು ತ್ಯಜಿಸಬೇಕು. ಅವನ್ನು ಕಬ್ಬಿನ ತರಗು ಸುಡುವ ಬೆಂಕಿಗೆ ಎಸೆಯದೆ, ವಿದ್ಯುನ್ಮಾನ ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಬೇಕು. ಟಾರ್ಚು ಕೈಯಲ್ಲಿ ವಿಪರೀತ ಕಾದರೆ, ಬುಸುಗುಟ್ಟಿದರೆ, ಅದನ್ನು ಬರಿನೆಲದ ಮೇಲೆ ಬಿಟ್ಟು ಕೂಡಲೆ ದೂರ ಸರಿಯುವುದೇ ಜಾಣತನ.

ಮಂಡ್ಯದ ಪೇಟೆಯಲ್ಲಿಯಾಗಲಿ ಮದ್ದೂರಿನ ಸಂತೆಯಲ್ಲಿಯಾಗಲಿ ಸೆಲ್ಲು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. “ಇದು ಎಷ್ಟು ಆಂಪಿಯರ್ ಕೊಡುತ್ತದೆ?” ಎಂದು ಕೇಳಿದಾಗ ಅಂಗಡಿಯವರು ಉತ್ತರ ಹೇಳಲಾರದೆ ಹೋದರೆ, ಬರಿಗೈಯಲ್ಲಿ ಹಿಂದಿರುಗಿದರೂ ನಷ್ಟವಿಲ್ಲ. ಆ ರಾತ್ರಿಗೆ ಹಳೆಯ ಮಂದ ಬೆಳಕಿನ ಟಾರ್ಚೇ ಸಾಕು. ನಾಲೆಯ ನೀರು ಕಟ್ಟಲು ಎರಡು ಕೈಗಳೂ ನೆಟ್ಟಗಿರಬೇಕಷ್ಟೆ.