ಗಾಳಿ ಕುಡಿಯುವ ಮೀನು

ಹೋದ ತಿಂಗಳ ಮಾತು. ಕೇಶ್ವಾಪುರದ ನಮ್ಮ ಓಣಿಯ ಹುಡುಗನೊಬ್ಬ ಟ್ಯೂಷನ್ನಿಗೆಂದು ಹೋದವನು ಉಣಕಲ್ ಕೆರೆಯ ದಂಡೆಯಲ್ಲಿ ಸಿಕ್ಕಿಬಿದ್ದ. ಕೈಯಲ್ಲಿ ಗಾಳದ ಕೋಲು, ಡಬ್ಬಿಯಲ್ಲಿ ಎರೆಹುಳು. ಸಿಟ್ಟಿಗೆದ್ದ ತಂದೆ ಅವನನ್ನು ನಮ್ಮ ಮನೆಗೆ ಎಳೆದು ತಂದರು. ‘ನೀವರ ಒಂದೀಟು ಬುದ್ಧಿ ಹೇಳ್ರಿ ಇವಗ.’

‘ಏನ ಹಿಡದ್ಯೋ ತಮ್ಮಾ?’ ಎಂದೆ.

‘ಏನೂ ಸಿಗಲಿಲ್ರಿ ಕಾಕಾ. ಆದ್ರ ಒಂದ ಮೀನ ಮ್ಯಾಲಿಂದ ಮ್ಯಾಲೆ ಬಂದು ಗಾಳಿ ಕುಡದು ಹೋಗ್ತಿತ್ತು. ನೀರಾಗಿನ ಮೀನಕ್ಕ ಗಾಳಿ ಯಾಕ ಬೇಕ್ರಿ?’

ತಂದೆಗೆ ಮಗ ತಪ್ಪಿಸಿದ ಪಾಠವಷ್ಟೇ ಕಂಡಿತ್ತು. ನನಗೆ ಅವನು ಕೆರೆಯಿಂದ ತಂದ ಪ್ರಶ್ನೆ ಕಂಡಿತು.

ಅದು ಕೊರವ ಮೀನು ಇರಬೇಕು. ಕೆಲವರು ಕುಚ್ಚು ಎನ್ನುತ್ತಾರೆ, ಮರಾಠಿಯವರು ಮರಳ ಎನ್ನುತ್ತಾರೆ. ಹಾವಿನಂಥ ತಲೆ. ಕಿವಿರುಗಳ ಮೇಲೆ ಗಾಳಿ ತುಂಬಿಕೊಳ್ಳಲು ಪುಟ್ಟ ಕೋಣೆ. ಅಂತರಗಂಗೆ ಹಬ್ಬಿ, ನೀರಲ್ಲಿ ಆಮ್ಲಜನಕ ಕಡಿಮೆಯಾಗಿ ಬೇರೆ ಮೀನು ಒದ್ದಾಡುವಾಗಲೂ ಇದು ಬದುಕುತ್ತದೆ. ಆದರೆ ಮೇಲೆ ಬರಲು ಬಿಡದಿದ್ದರೆ ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ!

ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳ–ಹೊಳೆಗಳಲ್ಲಿ ಬೋಫಿನ್ ಎಂಬ ಮೀನಿದೆ. ಅದೂ ಗಾಳಿ ಕುಡಿಯುತ್ತದೆ, ಆದರೆ ಈಜುಚೀಲವನ್ನೇ ಶ್ವಾಸಕೋಶ ಮಾಡಿಕೊಂಡು. ಎರಡಕ್ಕೂ ಹತ್ತಿರದ ನೆಂಟಸ್ತನವಿಲ್ಲ. ಕಷ್ಟ ಒಂದೇ, ಉಪಾಯ ಬೇರೆ. 2002ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ನಿನ ಒಂದು ಕೊಳದಲ್ಲಿ ಕೊರವನ ಕುಲದ ಏಷ್ಯಾದ ಮೀನು ಸಿಕ್ಕಿತು. ಪರದೇಶದ ಮೀನು ಹಬ್ಬೀತೆಂದು ಕೊಳಕ್ಕೇ ವಿಷ ಹಾಕಿದರು. ಅಂಥ ಮೀನು ಕಂಡರೆ ಕೊಲ್ಲಿರೆಂದು ಜನರಿಗೂ ಹೇಳಿದರು. ಪಾಪ, ಆ ನೆಲದ್ದೇ ಆದ ಬೋಫಿನ್ನೂ ಗುರುತು ತಪ್ಪಿ ಸಾಯುವ ಹಾಗಾಯಿತು. ಬೆನ್ನ ಮೇಲಿನ ಉದ್ದ ರೆಕ್ಕೆ ಎರಡಕ್ಕೂ ಉಂಟು. ಬಾಲದ ಕಡೆ ಹೊಟ್ಟೆಯ ಕೆಳಗಿನ ರೆಕ್ಕೆ ನೋಡಬೇಕು: ಕೊರವನದು ಉದ್ದ, ಬೋಫಿನ್ನಿನದು ಗಿಡ್ಡ. ಅಷ್ಟು ನೋಡುವ ತಾಳ್ಮೆ ಬೇಕು, ಅಷ್ಟೆ.

ಹುಡುಗನಿಗೆ ಎರಡು ಮಾತು ಹೇಳಿದೆ. ಒಬ್ಬನೇ ಕೆರೆಗೆ ಹೋಗಬಾರದು. ಹೂಳು ಎಲ್ಲಿದೆಯೆಂದು ದಂಡೆಗೆ ನಿಂತವನಿಗೆ ತಿಳಿಯುವುದಿಲ್ಲ. ಇನ್ನೊಂದು, ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರ ಮೇಲೆ ಕಂಡಲ್ಲಿ ಗಾಳ ಹಾಕಬಾರದು. ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಮರಿಗಳ ಮೇಲಿನ ಕಾಳಜಿಗೆ ಅದು ಎದುರಿಗೆ ಬಂದ ಗಾಳಕ್ಕೂ ಬಾಯಿ ಹಾಕುತ್ತದೆ. ಅದನ್ನು ಎಳೆದರೆ ಮರಿಗಳು ಬೇರೆ ಮೀನಿನ ಪಾಲು.

ಸುಮ್ಮನೆ ಕುಳಿತಿದ್ದ ತಂದೆ ಕೇಳಿದರು, ‘ಕಾಯೋದು ತಾಯೇನ್ರಿ?’

‘ಕೊರವದಾಗ ತಾಯಿ–ತಂದಿ ಇಬ್ಬರೂ ಕಾಯ್ತಾರ್ರಿ. ಬೋಫಿನ್ನದಾಗ ತಂದಿ ಒಬ್ಬನ. ಗೂಡು ಕಟ್ಟೋದೂ ಅವನ, ಮರಿ ಜೋಡಿ ತಿರಗೋದೂ ಅವನ.’

ಅವರು ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಟ್ಯೂಷನ್ ಮುಗಿದ ಮೇಲೆ ಅಪ್ಪ–ಮಗ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಉಣಕಲ್ ಕಡೆ ಹೊರಟಿದ್ದು ಕಂಡೆ. ಗಾಳದ ಕೋಲು ಅಪ್ಪನ ಹೆಗಲ ಮೇಲಿತ್ತು.